ಗೋವಿಂದ ತಾತನ ಗೋಲೂ ನಮಸ್ಕಾರವೂ

ಅಲ್ವೇ ಮತ್ತೆ, ಆ ಹುಡುಗಿ ಕಾಲಿಗೆ ನಿನ್ನ ಕಾಲು ತಗುಲ್ತು, ನೀನು ಟಕ್ ಅಂತ ನಿಂತೆ, ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೊತ್ಕೊಂಡೆ, ಅಷ್ಟರಲ್ಲಿ ಅವಳು ಬಾಲು ತಳ್ಕೊಂಡು ಹೋಗಿ ಗೋಲು ಹೊಡೆದೇ ಬಿಟ್ಲು. ಅಯ್ಯೋ, ನಗು ತಡ್ಕೊಳ್ಳೋಕಾಗ್ತಿಲ್ಲ ಕಣೇ ತಾರಾ, ಬೈಬೇಡ. ನಿಮ್ಮ ಕೋಚು ಎರಡು ಕೈಯಲ್ಲೂ ತಲೆ ಹಿಡ್ಕೊಂಡು ನಿಂತಿದ್ದ, ನಿಮ್ಮಪ್ಪ ಆ ಮಡಿಸೋ ಕುರ್ಚಿಯಿಂದ ಎದ್ದು "ಏನಾಯ್ತು, ಕಾಲು ಉಳುಕಿತಾ?" ಅಂತ ಕೂಗ್ತಿದ್ದ, ನನಗೊಬ್ಬಳಿಗೇ ಗೊತ್ತು ಏನಾಯ್ತು ಅಂತ, ನಾನು ಕಿತ್ತಳೆ ಹಣ್ಣಿನ ಡಬ್ಬಿ ಹಿಂದೆ ಮುಖ ಮುಚ್ಕೊಂಡು ನಕ್ಕೆ. ಏನಂದೆ? "ಇಟ್ಸ್ ನಾಟ್ ಫನ್ನಿ ಅಜ್ಜಿ, ಯೂ ಟಾಟ್ ಮಿ ದಟ್." ಹೌದು, ನಾನೇ ಕಲಿಸಿದ್ದು, ಇಲ್ಲ ಅಂದ್ನಾ? "ಐಯಾಮ್ ನಾಟ್ ಪ್ಲೇಯಿಂಗ್ ಎನಿಮೋರ್." ಆಡೋದೇ ಇಲ್ವಾ? ಬಿಟ್ಟೇ ಬಿಡ್ತೀಯಾ? ಬಾ ಇಲ್ಲಿ, ಹಿತ್ತಲ ಪ್ಯಾಟಿಯೋದಲ್ಲಿ ಒಳ್ಳೆ ಬಿಸಿಲಿದೆ, ಕೂತ್ಕೋ. ಶೂ ಹಾಗೇ ಇರಲಿ, ಪರವಾಗಿಲ್ಲ. ಆ ಕುರ್ಚಿ ಬೇಡ, ಅದು ನಂದು, ಅದಕ್ಕೂ ಒಂದು ಕಥೆ ಇದೆ, ಆಮೇಲೆ ಹೇಳ್ತೀನಿ. ನಗೋರ ಮುಂದೆ ಎಡವಿ ಬಿದ್ದ ಹಾಗಾಯ್ತು ಅಂತ ತಾನೇ ನಿನ್ನ ದುಃಖ? ನಿನಗಿಂತ ಮುಂಚೆ ಹೀಗೇ ಒಬ್ಬ ನಮ್ಮನೇಲೇ ಇದ್ದ ಕಣೇ. ಇದೇ ನಮಸ್ಕಾರ ಮಾಡಿ ಇದೇ ಥರ ಗೋಲು ಬಿಟ್ಕೊಟ್ಟು ಇದೇ ಥರ ಮೂತಿ ಊದಿಸ್ಕೊಂಡು ಮನೆಗೆ ಬರ್ತಿದ್ದ.

ನನ್ನ ತಾತ, ಗೋವಿಂದಪ್ಪ. ನಿನಗೆ ಏನಾಗ್ಬೇಕು... ನನ್ನಪ್ಪ ನಿನಗೆ ಮುತ್ತಾತ, ಅವನ ಅಪ್ಪ. ಅದಕ್ಕೇನೋ ಹೆಸರಿದೆ, ಇರಲಿ, ಗೋವಿಂದ ತಾತ ಅನ್ನು ಸಾಕು. ನೂರು ವರ್ಷಕ್ಕೂ ಹಿಂದೆ ಬೆಂಗಳೂರಲ್ಲಿ ಬಟ್ಟೆ ಮಿಲ್ಲಿನಲ್ಲಿ ಕೆಲಸ, ಮಿಲ್ಲಿನ ಟೀಮಿಗೆ ಫುಟ್‌ಬಾಲು. ಸ್ಟ್ರೈಕರ್ ಅಂತ ಆಗ ಅಂತಿರಲಿಲ್ಲ, ಸೆಂಟರ್ ಫಾರ್ವರ್ಡ್ ಅಂತಿದ್ರು, ತಾತ ಬರೀ "ಸೆಂಟ್ರು" ಅಂತಿದ್ದ. ಆಳು ಇಷ್ಟೇ ಎತ್ತರ, ನಿನಗಿಂತ ಒಂದು ಗೇಣು ಜಾಸ್ತಿ ಇದ್ದಿರಬೇಕು. ಬರಿಗಾಲು, ಗೊತ್ತಾ? ಬೂಟಿಲ್ಲ ಏನಿಲ್ಲ, ಹಳೇ ಪಂಚೆ ಹರಿದು ಹಿಮ್ಮಡಿಗೆ ಸುತ್ಕೊಳ್ಳೋದು, ಅಷ್ಟೇ. ಎದುರಿಗೆ ಯಾರು? ದಂಡಿನ ಸೋಲ್ಜರುಗಳು, ಇಂಗ್ಲಿಷರು, ಈ ಬಾಗಿಲಷ್ಟು ಎತ್ತರ, ಕಾಲಿಗೆ ಮೊಳೆ ಹೊಡೆದ ಬೂಟು. ಮ್ಯಾಚು ಮುಗಿಸಿ ಮನೆಗೆ ಬಂದ್ರೆ ಅವರಮ್ಮ ಹಿತ್ತಲಲ್ಲೇ ತಡೀತಿದ್ಲಂತೆ, "ಚರ್ಮದ ಉಂಡೆ ಒದ್ದು ಬಂದಿದ್ದೀಯ, ಅಲ್ಲೇ ನಿಲ್ಲು, ಒಳಗೆ ಬಂದ್ರೆ ನೋಡು!" ಅಂತ ತಲೆ ಮೇಲೆ ತಣ್ಣೀರು ಸುರೀತಿದ್ಲು. ಗೆದ್ದು ಬಂದ್ರೂ ತಣ್ಣೀರು, ಸೋತು ಬಂದ್ರೂ ತಣ್ಣೀರು. ಅದೇ ಅಮ್ಮ ಕಲಿಸಿದ್ದು, ಯಾರಿಗೇ ಆಗಲಿ ಕಾಲು ತಗುಲಿದ್ರೆ ಮುಟ್ಟಿ ಕಣ್ಣಿಗೊತ್ಕೋಬೇಕು ಅಂತ. ಈಗ ಹೇಳು, ಫುಟ್‌ಬಾಲು ಅಂದ್ರೆ ಏನು? ಇಪ್ಪತ್ತೆರಡು ಜನದ ಕಾಲು ಒಬ್ಬರಿಗೊಬ್ಬರಿಗೆ ತಗುಲೋದೇ ಫುಟ್‌ಬಾಲು! ತಾತ ಬಾಲು ತಗೊಂಡು ಗಾಳಿ ಥರ ಹೋಗ್ತಿದ್ದ, ಒಬ್ಬನ್ನ ದಾಟಿ, ಇನ್ನೊಬ್ಬನ್ನ ದಾಟಿ, ಗೋಲಿನ ಮುಂದೆ ಬಂದು, ಗೋಲ್‌ಕೀಪರನ ಕಾಲಿಗೆ ಇವನ ಕಾಲು ಸೋಕ್ತು ಅಂತ ಇಟ್ಕೋ, ತಕ್ಷಣ ಬಗ್ಗಿ ನಮಸ್ಕಾರ! ಬಾಲು ಅತ್ಲಾಗೆ. ಕೈ ತಾನಾಗೇ ಹೋಗುತ್ತೆ ಕಣೇ, ಏನ್ಮಾಡೋದು, ಈಗ ನಿನಗೆ ಹೋಯ್ತಲ್ಲ ಹಾಗೇ.

ಸೋಲ್ಜರುಗಳ ಗೋಲ್‌ಕೀಪರು ಹ್ಯಾರಿ ಅಂತ ಒಬ್ಬ. ಅವನು ಮಹಾ ಕಿಲಾಡಿ, ಇದನ್ನ ಕಂಡುಹಿಡಿದ್ಬಿಟ್ಟ. ತಾತ ಬಾಲು ತಗೊಂಡು ಬಂದ್ರೆ ಸಾಕು, ಬಾಲಿಗೆ ಕೈಯೇ ಹಾಕ್ತಿರಲಿಲ್ಲ, ತನ್ನ ಕಾಲು ಮುಂದೆ ಚಾಚ್ತಿದ್ದ, ತಗೋ ಮಾರಾಯ ಒದಿ ಅಂತ! ತಾತ ಒದೆಯೋನು, ಬಗ್ಗೋನು, ಹ್ಯಾರಿ ನಗ್ತಾ ನಗ್ತಾ ಬಾಲೆತ್ಕೊಂಡು ಹೋಗೋನು. ಮಿಲ್ಲಿನ ಕ್ಯಾಪ್ಟನ್ನು ಕೂಗಾಡಿದ, "ಲೋ ಗೋವಿಂದ, ನೀನು ಗೋಲು ಹೊಡೆಯೋಕೆ ಬಂದಿದ್ದೀಯೋ ಆಶೀರ್ವಾದ ತಗೊಳ್ಳೋಕೋ?" ಮೈದಾನಕ್ಕೆ ಮೈದಾನವೇ ನಗು. ತಾತ ಬಂದು ಅಮ್ಮನ ಹತ್ರ, ಇನ್ಮೇಲೆ ಆಡಲ್ಲ, ಬಿಟ್ಟೆ, ಅಂದ. ನಿನ್ನ ಹಾಗೇ. ಅವರಮ್ಮ ತಣ್ಣೀರು ಸುರಿದು, "ನಮಸ್ಕಾರ ಮಾಡು ಅಂದೆ, ಆಗಿಂದಾಗ್ಗೇ ಮಾಡು ಅಂದ್ನಾ? ದೇವರಿಗೆ ಹರಕೆ ಹೊತ್ತೋರು ಕೆಲಸ ಆದ್ಮೇಲೆ ತೀರಿಸಲ್ವಾ?" ಅಂದ್ಲಂತೆ. ಅಷ್ಟೇ! ಮುಂದಿನ ಮ್ಯಾಚಿನಲ್ಲಿ ಹ್ಯಾರಿ ಕಾಲು ಚಾಚಿದ, ತಾತ ಒದ್ದ, ಬಗ್ಗಲಿಲ್ಲ, ಬಾಲು ನೇರ ಒಳಗೆ. ಆಮೇಲೆ ಏನ್ಮಾಡಿದ ಗೊತ್ತಾ? ಗೋಲು ಹೊಡೆದವರು ಕುಣೀತಾರೆ ತಾನೇ? ತಾತ ಹಿಂದಕ್ಕೆ ಓಡಿ, ಬರೋ ದಾರೀಲಿ ಯಾರ್ಯಾರ ಕಾಲು ತುಳಿದಿದ್ನೋ ಎಲ್ಲರ ಹತ್ರ ಹೋಗಿ, ಒಬ್ಬೊಬ್ಬರ ಮೊಣಕಾಲೂ ಮುಟ್ಟಿ, ಕಣ್ಣಿಗೊತ್ಕೊಂಡು, ಕೊನೆಗೆ ಹ್ಯಾರಿದೂ ಮುಟ್ಟಿ ವಾಪಸ್ ಬಂದ. ರೆಫ್ರೀ ಶಿಳ್ಳೆ ಬಾಯಲ್ಲಿಟ್ಕೊಂಡು ಸುಮ್ಮನೆ ನೋಡ್ತಾ ನಿಂತಿದ್ನಂತೆ! ಅಲ್ಲಿಂದ ಶುರುವಾಯ್ತು ನೋಡು ಗೋಲಿನ ಸುಗ್ಗಿ. ಹೊಡೆದ, ಹೊಡೆದ, ಹೊಡೀತಾನೇ ಹೋದ. ಆಮೇಲೆ ಯುದ್ಧ ಬಂತು, ಹ್ಯಾರಿಯ ರೆಜಿಮೆಂಟು ಊರು ಬಿಟ್ಟು ಹೊರಡಬೇಕು, ಕೊನೇ ಮ್ಯಾಚು. ತಾತ ಗೋಲು ಹೊಡೆದ, ನಮಸ್ಕಾರಕ್ಕೆ ಬಗ್ಗಿದ, ಅದೇ ಹೊತ್ತಿಗೆ ಹ್ಯಾರಿಯೂ ತಾತನ ಕಾಲು ಮುಟ್ಟೋಕೆ ಬಗ್ಗಿದ, ಢಬ್! ಹಣೆಗೆ ಹಣೆ. ಇಬ್ಬರೂ ಹುಲ್ಲಿನ ಮೇಲೆ ಕೂತು ಹಣೆ ಉಜ್ಕೊಂಡು ನಕ್ಕರಂತೆ. ತಾತ ಇದನ್ನ ಹೇಳುವಾಗ ನಮ್ಮನೆ ಹಜಾರದಲ್ಲಿ ಚೊಂಬು ಗೋಲ್‌ಕೀಪರು, ಲೋಟಗಳು ಸೋಲ್ಜರುಗಳು, ನಿಂಬೆಹಣ್ಣು ಬಾಲು. ಎಷ್ಟು ಸಲ ಕೇಳಿದ್ದೀನೋ.

ಆದ್ರೆ ಒಂದು ತಾಪತ್ರಯ. ತಾತ ಎಷ್ಟು ಗೋಲು ಹೊಡೆದ ಅಂತ ಕೇಳಿದ್ರೆ ಒಂದೊಂದು ಯುಗಾದಿಗೆ ಒಂದೊಂದು ಲೆಕ್ಕ. ಆಟ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಗೋಲು ಮಾತ್ರ ಏರ್ತಾನೇ ಇತ್ತು! ಕಾಲುಬೆರಳು ಮುರಿದು ಆಟ ನಿಲ್ಲಿಸಿದವನು ಮಂಚದ ಮೇಲೆ ಕೂತ್ಕೊಂಡೇ ಗೋಲು ಹೊಡೀತಿದ್ದ. ಅದಕ್ಕೇ ಬೀದೀಲಿ "ಬುರುಡೆ ಗೋವಿಂದಪ್ಪ" ಅಂತ ಹೆಸರಾಯ್ತು. ಸೋಲ್ಜರು ಬಂದು ಇವನ ಕಾಲಿಗೆ ಬೀಳ್ತಾನಾ, ಬಿಡೋ ಬುರುಡೆ, ಅಂತ. ಮದುವೆ ಮನೇಲಿ, ತಿಥಿ ಮನೇಲಿ, ಎಲ್ಲಿ ಹೋದ್ರೂ ಅದೇ. ನಾನು ಸಣ್ಣೋಳು, ಜಗಳ ಆಡಿದ್ದೀನಿ, ಕಚ್ಚಿದ್ದೀನಿ ಕೂಡ. ತಾತ ತೀರ್ಕೊಂಡಾಗಲೂ ಯಾರೋ ಹಿಂದೆ ನಿಂತು, ಪಾಪ, ಬುರುಡೆ ನಿಂತು ಹೋಯ್ತು, ಅಂದ್ರು. ಅದು ನನ್ನ ಎದೇಲಿ ಹಾಗೇ ಕೂತಿತ್ತು ಕಣೇ. ಅವನು ಸುಳ್ಳು ಹೇಳ್ತಿರಲಿಲ್ಲ ಅಂತ ಒಂದು ಸಲ, ಒಂದೇ ಒಂದು ಸಲ, ಯಾರಾದ್ರೂ ಹೇಳ್ಬೇಕಿತ್ತು.

ಈಗ ಡಾಟ್‌ಕಾಮ್ ಕಾಲಕ್ಕೆ ಬಾ, ದಿನಕ್ಕೊಂದು ಇಂಟರ್‌ನೆಟ್ ಕಂಪನಿ ಹುಟ್ತಿದ್ದ ಕಾಲ. ನಾವು ಅಮೆರಿಕಾಕ್ಕೆ ಬಂದು ಇದೇ ಸಾಂಟಾ ಕ್ಲಾರಾದಲ್ಲಿ, ನಮ್ಮೆಜಮಾನ್ರು ಕಂಪ್ಯೂಟರ್ ಚಿಪ್ ಕಂಪನೀಲಿ, ನಿಮ್ಮಪ್ಪ ಮಿಡಲ್ ಸ್ಕೂಲು, ನನಗೆ ಆಗ ತಾನೇ ಗ್ರೀನ್ ಕಾರ್ಡು ಬಂದಿತ್ತು. ನಲವತ್ತು ದಾಟಿತ್ತು, ಹುಟ್ಟಿದಾಗಿಂದ ಒಂದು ಕೆಲಸ ಮಾಡಿದವಳಲ್ಲ. ಆ ಕಾಲ ಹೇಗಿತ್ತು ಅಂದ್ರೆ, ಉಸಿರಾಡ್ತಾ ಇದ್ರೆ ಸಾಕು, ಕರೆದು ಕೆಲಸ ಕೊಡ್ತಿದ್ರು! ಸ್ಯಾನ್ ಮಟಿಯೋದಲ್ಲಿ ಹಳೇ ಕಾರ್ಪೆಟ್ ಅಂಗಡೀಲಿ ಒಂದು ಕಂಪನಿ ಶುರುವಾಗಿತ್ತು. ಅದರ ಬಾಸು ಬ್ರಾಯನ್ ಅಂತ, ಮೀಸೆ ಸರಿಯಾಗಿ ಬಂದಿರಲಿಲ್ಲ ಅವನಿಗೆ. ಪ್ರಪಂಚದಲ್ಲಿ ಗೋಲು ಹೊಡೆದವರನ್ನೆಲ್ಲ ವೆಬ್‌ಸೈಟಿಗೆ ಹಾಕ್ತೀವಿ, ಒಬ್ಬೊಬ್ಬರಿಗೆ ಒಂದೊಂದು ಪೇಜು, ಅಂದ. ಇದರಿಂದ ದುಡ್ಡು ಹೇಗಪ್ಪಾ ಬರುತ್ತೆ ಅಂತ ಕೇಳಿದೆ. "ದಟ್ ಕಮ್ಸ್ ಲೇಟರ್, ಶಾರದಾ!" ಅಂದ. ಇಂಟರ್‌ವ್ಯೂ ಅಂದ್ರೆ ಇಷ್ಟೇ, ಫುಟ್‌ಬಾಲ್ ಗೊತ್ತಾ ಅಂದ, ನಮ್ಮ ತಾತ ಸೆಂಟರ್ ಫಾರ್ವರ್ಡು ಅಂದೆ, ನಾಳೆಯಿಂದ ಬಾ ಅಂದ. ಬಂದೆ! ಹೇಗೆ ಬಂದೆ ಅಂತ ಕೇಳು. ಫ್ರೀವೇ ಮೇಲೆ. ಅದುವರೆಗೆ ಗ್ರೋಸರಿ ಅಂಗಡಿ ಬಿಟ್ಟು ಆಚೆ ಕಾರು ಓಡಿಸಿದವಳಲ್ಲ ನಾನು. ಒನ್ ಓ ಒನ್ ಫ್ರೀವೇಲಿ ಓಡ್ತಿರೋ ಕಾರುಗಳ ಮಧ್ಯೆ ಮರ್ಜ್ ಆಗೋವಾಗ "ಗೋವಿಂದಾ ಗೋವಿಂದ" ಅಂತ ಕೂಗ್ತಿದ್ದೆ, ದೇವರನ್ನ ಕರೀತಿದ್ನೋ ತಾತನ್ನ ಕರೀತಿದ್ನೋ ನನಗೇ ಗೊತ್ತಿಲ್ಲ. ಮೊದಲನೇ ದಿನ ಎಕ್ಸಿಟ್ ತಗೊಳ್ಳೋಕೆ ಧೈರ್ಯ ಸಾಲದೆ ಏರ್‌ಪೋರ್ಟು ದಾಟಿ ಹೋಗ್ಬಿಟ್ಟೆ, ಮೀಟಿಂಗಿಗೆ ಊಟದ ಹೊತ್ತಿಗೆ ಬಂದು ಮುಟ್ಟಿದೆ. ಆಫೀಸಲ್ಲಿ ಜಾರುಬಂಡೆ, ಪಿಂಗ್ ಪಾಂಗು, ಬ್ರಾಯನ್ನನ ನಾಯಿ, ಕುಡಿಯೋಕೆ ಬೇಕಾದಷ್ಟು ಕೋಲಾ. ಸೀರೆ ಉಟ್ಕೊಂಡು ಸ್ನೀಕರ್ಸ್ ಹಾಕ್ಕೊಂಡು ಆ ಜಾರುಬಂಡೇಲಿ ಜಾರಿದ್ದೀನಿ, ನಿಮ್ಮಪ್ಪನಿಗೆ ಹೇಳ್ಬೇಡ.

ನನ್ನ ಕೆಲಸ ಏನಂದ್ರೆ ಹಳೇ ಆಟಗಾರರ ವಿಷಯ ವಿಚಾರಿಸಿ ಬರೆಯೋದು. ಮೊದಲನೇ ವಾರವೇ ಬರೆದೆ ನಮ್ಮ ತಾತನ್ನ. ಎಡಿಟರ್ ಲಿಂಡಾ ಅಂತ, ಬಿಳೀ ಕೂದಲು, ಯಾವುದೋ ನ್ಯೂಸ್‌ಪೇಪರಲ್ಲಿ ಕೆಲಸ ಮಾಡಿ ಬಂದವಳು, ಆ ಮಕ್ಕಳ ಮಧ್ಯೆ ದೊಡ್ಡೋರು ಅಂದ್ರೆ ಅವಳೂ ನಾನೂ. ಓದಿದ್ಲು, ಕನ್ನಡಕ ತೆಗೆದ್ಲು. "ಶಾರದಾ, ಚೆನ್ನಾಗಿದೆ. ಯಾರು ಹೇಳಿದ್ದು ಇದನ್ನ?" ತಾತ ಹೇಳಿದ್ದು. "ಇನ್ನೊಬ್ಬರು ಯಾರು?" ಇನ್ನೊಬ್ಬರು ಯಾಕೆ, ತಾತನೇ ಹೇಳಿದ್ನಲ್ಲ! "ಒಬ್ಬರು ಹೇಳಿದ್ರೆ ಅದು ಕಥೆ. ಮನೆಯವರಲ್ಲದ ಇನ್ನೊಬ್ಬರು ಹೇಳ್ಬೇಕು, ಆಗ ಹಾಕ್ತೀನಿ." ಎಲ್ಲಿಂದ ತರಲಿ? ಆ ಕಾಲದ ಪೇಪರಿನವರು ಸೋಲ್ಜರುಗಳ ಹೆಸರು ಬರೀತಿದ್ರೇ ಹೊರತು ಮಿಲ್ಲಿನ ಹುಡುಗರದ್ದು ಯಾರು ಬರೀತಾರೆ? ಜೊತೇಲಿ ಆಡಿದವರೆಲ್ಲ ಹೋಗಿ ಎಷ್ಟೋ ಕಾಲ ಆಗಿತ್ತು. ಮನೆಗೆ ಬಂದು ಹೇಳಿದ್ರೆ ನಮ್ಮೆಜಮಾನ್ರು ಸಾರಿಗೆ ಒಗ್ಗರಣೆ ಹಾಕ್ತಾ, "ಅಮೆರಿಕಾಕ್ಕೆ ಬಂದ್ರೂ ಬುರುಡೆ ಬುರುಡೇನೇ ಅಂತ ಕಂಡುಹಿಡಿದ್ಬಿಟ್ರಲ್ಲ" ಅಂದ್ರು. ತಮಾಷೆಗೇ ಅಂದಿದ್ದು, ಆದ್ರೆ ನನಗೆ ಅವತ್ತು ಅನ್ನ ಇಳೀಲಿಲ್ಲ. ಬೇರೆಯವರ ತಾತಂದಿರ ಗೋಲೆಲ್ಲ ಕೂತ್ಕೊಂಡು ಟೈಪ್ ಮಾಡ್ತಿದ್ದೆ, ನಮ್ಮ ತಾತ ಮಾತ್ರ ಆಚೆ ನಿಂತಿದ್ದ, ಹಿತ್ತಲಲ್ಲಿ ನಿಂತ ಹಾಗೆ.

ಹೀಗೇ ಒಂದು ದಿನ ಲಿಂಡಾ, ಸರಟೋಗಾದಲ್ಲಿ ಒಬ್ಬ ಅಜ್ಜ ಇದ್ದಾನೆ, ವಿಲ್‌ಫ್ರೆಡ್ ಅಂತ, ಅವನ ತಂದೆ ಹಳೇ ಕಾಲದ ಗೋಲ್‌ಕೀಪರು, ಇಂಗ್ಲೆಂಡಿನಲ್ಲಿ ಆಡಿದವನು, ಕೀಪರುಗಳಿಗೂ ಪೇಜು ಮಾಡೋಣ, ಹೋಗಿ ಮಾತಾಡಿಸ್ಕೊಂಡು ಬಾ, ಅಂದ್ಲು. ಬೇರೇನೂ ಹೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಹೋದೆ. ಹಿಂದೆ ಪ್ಲಮ್ ತೋಟ ಇಟ್ಟಿದ್ನಂತೆ, ಈಗ ಮನೆ ಮುಂದೆ ಒಂದೇ ಒಂದು ಮರ. ಎಂಬತ್ತರ ಹತ್ರ ವಯಸ್ಸು, ಉದ್ದಕ್ಕೆ ಬಾಗಿಲಷ್ಟು. ಕೂರಿಸಿದ, ಟೀ ತಂದ, ಟೀ ಇಡೋಕೆ ಬರೋವಾಗ ಅವನ ಚಪ್ಪಲಿ ಕಾಲು ನನ್ನ ಸ್ನೀಕರ್ಸಿಗೆ ತಗುಲ್ತು. ತಾರಾ, ಕೇಳು. ಆ ಅಜ್ಜ ಟ್ರೇ ಕೆಳಗಿಟ್ಟ, ಸೊಂಟ ಹಿಡ್ಕೊಂಡು ಬಗ್ಗಿದ, ನನ್ನ ಶೂ ಮುಟ್ಟೋಕೆ ಕೈ ಚಾಚಿದ! ಅಯ್ಯಯ್ಯೋ, ದೊಡ್ಡೋರು, ನನ್ನ ಕಾಲು ಮುಟ್ತಾರಲ್ಲ ಅಂತ ನಾನೂ ತಟ್ಟನೆ ಬಗ್ಗಿದೆ, ಢಬ್! ಹಣೆಗೆ ಹಣೆ! ಟೀ ಎಲ್ಲ ಕಾರ್ಪೆಟ್ ಮೇಲೆ. ನಾನು ಸಾರಿ ಸಾರಿ ಅಂತಿದ್ದೀನಿ, ಅವನು ಹಣೆ ಉಜ್ಕೊಂಡು ನಗ್ತಿದ್ದಾನೆ, ನಗ್ತಾ ಏನಂದ ಗೊತ್ತಾ? "ನಮ್ಮಪ್ಪನಿಗೂ ಹೀಗೇ ಆಗಿತ್ತು, ಇಂಡಿಯಾದಲ್ಲಿ!"

ನಾನು ಸಾರಿ ಅನ್ನೋದು ಬಿಟ್ಟು ಕೇಳಿದೆ, ಇಂಡಿಯಾದಲ್ಲಿ ಎಲ್ಲಿ? "ಬ್ಯಾಂಗಲೋರ್." ನಿಮ್ಮ ತಂದೆ ಹೆಸರು? "ಹ್ಯಾರಿ." ನಾನು ಇನ್ನೂ ತಾತನ ವಿಷಯ ಒಂದಕ್ಷರ ಎತ್ತಿಲ್ಲ ನೋಡು, ಅವನೇ ಹೇಳ್ತಾ ಹೋದ. ಅಲ್ಲಿ ಒಬ್ಬ ಬರಿಗಾಲಿನ ಕುಳ್ಳ ಇದ್ನಂತೆ, ಒದೆಯೋನಂತೆ, ಗೋಲು ಹೊಡೆಯೋನಂತೆ, ಆಮೇಲೆ ಓಡಿ ಬಂದು ಎಲ್ಲರ ಮೊಣಕಾಲು ಮುಟ್ಟೋನಂತೆ. "ಕೊನೇ ದಿನ ನಮ್ಮಪ್ಪನೂ ಬಗ್ಗಿದ, ಇಬ್ಬರಿಗೂ ಬುಗುಟು ಬಂತು. ಅಲ್ಲಿಂದ ಯುದ್ಧಕ್ಕೆ ಹೋದ, ಬದುಕಿ ಬಂದ, ಆಟ ಆಡಿದ, ಮದುವೆಯಾದ, ಆದ್ರೆ ಯಾರಿಗೆ ಕಾಲು ತಗುಲಿದ್ರೂ ಬಗ್ಗಿ ಮುಟ್ಟೋದು ಬಿಡಲಿಲ್ಲ. ನಮಗೂ ಕಲಿಸಿದ, ಯಾಕೆ ಅಂತ ಕೇಳಿದ್ರೆ, ಇದು ಆಟದ ರೂಲು, ಅಂತಿದ್ದ." ಹೀಗೆ ಅಂದ ಆ ಅಜ್ಜ. ನಾನು ಅತ್ತೆ ಕಣೇ. ಆ ಮನುಷ್ಯನ ಸೋಫಾ ಮೇಲೆ ಕೂತು, ಟೀ ಬಿದ್ದ ಸೀರೇಲೇ, ಬಿಕ್ಕಿ ಬಿಕ್ಕಿ ಅತ್ತೆ. ಅವನು ಗಾಬರಿಯಾಗಿ, ತಲೆಗೆ ಅಷ್ಟು ಜೋರಾಗಿ ಪೆಟ್ಟು ಬಿತ್ತಾ ಅಂತ ಐಸ್ ತಂದು ಕೊಟ್ಟ! ಆ ಕುಳ್ಳ ನಮ್ಮ ತಾತ ಅಂತ ಹೇಳ್ದೆ. ಆಗ ಅವನೂ ಕೂತ್ಕೊಂಡ. ಎಷ್ಟು ಗೋಲು ಹೊಡೆದ ಅಂತ ನಿಮ್ಮ ತಂದೆ ಹೇಳ್ತಿದ್ರು, ಅಂತ ಕೇಳ್ದೆ. "ಅದೇ ಕಷ್ಟ. ನಾನು ಸಣ್ಣೋನಿದ್ದಾಗ, ಅವನು ಲೆಕ್ಕ ಇಲ್ಲದಷ್ಟು ಹೊಡೆದ, ಅಂತಿದ್ದ. ವಯಸ್ಸಾಗ್ತಾ ಆಗ್ತಾ ಕಮ್ಮಿ ಆಗ್ತಾ ಬಂತು. ಸಾಯೋ ಹೊತ್ತಿಗೆ, ಒಂದೋ ಎರಡೋ ಬಿಟ್ಟಿರಬೇಕು, ಅದೂ ಬಿಸಿಲು ಕಣ್ಣಿಗೆ ಹೊಡೀತಿತ್ತು, ಅಂದ." ನೋಡು, ಇಲ್ಲಿ ಹೊಡೆದವನ ಲೆಕ್ಕ ಏರ್ತಾ ಹೋಗಿದೆ, ಅಲ್ಲಿ ಬಿಟ್ಟವನ ಲೆಕ್ಕ ಇಳೀತಾ ಹೋಗಿದೆ! ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಲಿಂಡಾ ಫೋನ್ ಮಾಡಿ ಆ ಅಜ್ಜನ್ನ ತಾನೇ ಕೇಳಿದ್ಲು, ಫೋನ್ ಇಟ್ಟು, "ಹಾಕು" ಅಂದ್ಲು. ಹಾಕಿದೆ! ಹೆಸರು ಗೋವಿಂದಪ್ಪ, ಊರು ಬೆಂಗಳೂರು, ಸೆಂಟರ್ ಫಾರ್ವರ್ಡು. ಗೋಲು ಎಷ್ಟು ಅನ್ನೋ ಕಡೆ ಬಂದು ಕೈ ನಿಂತು ಹೋಯ್ತು. ತಾತನ ಲೆಕ್ಕ ಹಾಕಲಾ, ಹ್ಯಾರಿ ಲೆಕ್ಕ ಹಾಕಲಾ? ಲಿಂಡಾ, ಗೊತ್ತಿಲ್ಲದ ಅಂಕಿ ಹಾಕ್ಬೇಡ, ಬರೀ "ಮೆನಿ" ಅಂತ ಬರಿ, ಅಂದ್ಲು. ಬಹಳ ಅಂತ. ಬರೆದೆ, ಬಟನ್ ಒತ್ತಿದೆ. ಆ ವೆಬ್‌ಸೈಟಲ್ಲಿ ಜಾಸ್ತಿ ಗೋಲು ಹೊಡೆದವನು ಮೇಲೆ, ಕಮ್ಮಿಯವನು ಕೆಳಗೆ, ಕಂಪ್ಯೂಟರೇ ಜೋಡಿಸ್ಕೊಳ್ಳೋದು. ಅದಕ್ಕೆ ಅಂಕಿಗಿಂತ ಅಕ್ಷರ ದೊಡ್ಡದಂತೆ, ಆ ಹುಡುಗರು ಹಾಗೆ ಮಾಡಿಟ್ಟಿದ್ರು, ಯಾರಿಗೆ ಗೊತ್ತು? ನೋಡ್ತೀನಿ, ಪ್ರಪಂಚದ ಅಷ್ಟೂ ಆಟಗಾರರ ಮೇಲೆ, ಎಲ್ಲರಿಗಿಂತ ಮೇಲೆ, ನಂಬರ್ ಒನ್, ನಮ್ಮ ಗೋವಿಂದ ತಾತ! ಕಿರಿಚಿದೆ ಕಣೇ. ಬ್ರಾಯನ್ ಓಡಿ ಬಂದ, ನೋಡಿದ, "ಓ, ದಟ್ಸ್ ಎ ಬಗ್, ಸೋಮವಾರ ಸರಿ ಮಾಡೋಣ" ಅಂದ.

ಸೋಮವಾರ ಯಾರು ಕಂಡಿದ್ದಾರೆ! ಅವತ್ತು ಶುಕ್ರವಾರ, ಸಂಜೆ ಹೊತ್ತಿಗೆ ಬ್ರಾಯನ್ ಎಲ್ಲರನ್ನೂ ಜಾರುಬಂಡೆ ಹತ್ರ ಕರೆದ, ದುಡ್ಡು ಹಾಕಿದವರು ಕೈ ಎತ್ತಿದ್ರು, ಕಂಪನಿ ಮುಗೀತು, ಏನು ಬೇಕೋ ತಗೊಂಡು ಹೋಗಿ ಅಂತ ಅತ್ತ. ಆಗೆಲ್ಲ ಹಾಗೇ, ಬೆಳಿಗ್ಗೆ ಇದ್ದ ಕಂಪನಿ ಸಂಜೆಗೆ ಇಲ್ಲ. ಒಬ್ಬ ಗಿಡ ಎತ್ಕೊಂಡ, ಒಬ್ಬ ಪಿಂಗ್ ಪಾಂಗ್ ಟೇಬಲ್ಲಿಗೆ ಗಂಟು ಬಿದ್ದ, ನಾನು ಈ ಕುರ್ಚಿ ಹಿಡ್ಕೊಂಡೆ, ಇದೇ. ಸಾಗಿಸೋಕೆ ನಮ್ಮೆಜಮಾನ್ರು ವ್ಯಾನ್ ತಂದ್ರು. ಕಂಪ್ಯೂಟರ್ ಇನ್ನೂ ಉರೀತಿತ್ತು, ಕರೆದು ತೋರಿಸ್ದೆ. ಮೂಗು ಸ್ಕ್ರೀನಿಗೆ ತಾಗೋ ಹಾಗೆ ಬಗ್ಗಿ ನೋಡಿದ್ರು. "ನಿಮ್ಮ ತಾತ ಫಸ್ಟಾ?" ಹೂಂ. "ಪ್ರಪಂಚಕ್ಕಾ?" ಹೂಂ. ಕುರ್ಚಿ ಎತ್ಕೊಂಡ್ರು ಮಾರಾಯ್ತಿ, ಬಾಗಿಲ ಹತ್ರ ಹೋಗಿ ತಿರುಗಿ, "ಇನ್ಮೇಲೆ ಬುರುಡೆ ಅನ್ನಲ್ಲ" ಅಂದ್ರು. ಆಮೇಲೆ ಅವರ ಕೆಲಸಾನೂ ಹೋಯ್ತು, ಸಣ್ಣ ಅಪಾರ್ಟ್‌ಮೆಂಟಿಗೆ ಇಳಿದ್ವಿ, ಎಷ್ಟೋ ತಿಂಗಳು ಬರೀ ಹುಳಿಯನ್ನ ಮೊಸರನ್ನ, ಮನೇಲಿ ಇದ್ದ ಒಳ್ಳೇ ಕುರ್ಚಿ ಅಂದ್ರೆ ಇದೊಂದೇ, ಸರದಿ ಮೇಲೆ ಕೂರ್ತಿದ್ವಿ. ಆದ್ರೂ ಆ ವರ್ಷ ನಾನು ನಕ್ಕಷ್ಟು ಯಾವತ್ತೂ ನಕ್ಕಿಲ್ಲ. ಯಾಕೆ ಗೊತ್ತಾ? ಸೋಮವಾರ ಬರಲೇ ಇಲ್ವಲ್ಲ, ಆ ಬಗ್ಗು ಯಾರೂ ಸರಿ ಮಾಡಲೇ ಇಲ್ಲ. ವೆಬ್‌ಸೈಟು ಕಣ್ಣು ಮುಚ್ಚಿದಾಗ ತಾತನೇ ಮೇಲಿದ್ದ, ಕೆಳಗಿಳಿಸೋಕೆ ಯಾರೂ ಉಳಿದಿರಲಿಲ್ಲ.

ಏನಂದೆ? "ಸೋ, ಶುಡ್ ಐ ಡೂ ಇಟ್ ಆರ್ ನಾಟ್?" ಇಷ್ಟು ಹೇಳಿದ್ದು ಮತ್ತೇನಕ್ಕೆ? ನಮಸ್ಕಾರ ಬಿಡ್ಬೇಡ, ಆಟವನ್ನೂ ಬಿಡ್ಬೇಡ. ಮುಂದಿನ ವಾರ ಆ ಹುಡುಗಿ ಕಾಲು ತಗುಲಿದ್ರೆ ಮೊದ್ಲು ಗೋಲು ಹೊಡಿ, ಆಮೇಲೆ ವಾಪಸ್ ಓಡಿ ಹೋಗಿ ಮುಟ್ಟಿ ಕಣ್ಣಿಗೊತ್ಕೋ. ಏಳು ಈಗ. ಅಯ್ಯೋ, ಒಳಗೆಲ್ಲಿ ಹೊರಟೆ, ಚರ್ಮದ ಉಂಡೆ ಒದ್ದು ಬಂದಿದ್ದೀಯ, ಅಲ್ಲೇ ನಿಲ್ಲು, ಆ ನೀರಿನ ಹೋಸ್ ಇತ್ಲಾಗೆ ಕೊಡು.